ಮಂತ್ರಿಗಳಿಗೊಬ್ಬ ಎದುರಾಳಿ ಬೇಕಿತ್ತು

ಕಳೆದ ಗುರುವಾರ ನಾಸಿರ್ ಫೋನ್ ಮಾಡಿ, “ಮಾಮು ಹೋದರು, ಶೆಟ್ಟಿ ಭಾಯ್,” ಎಂದ. ನಾನು “ಎಲ್ಲಿಗೆ?” ಎಂದು ಕೇಳಿಬಿಟ್ಟೆ. ತಪ್ಪು ನನ್ನದಲ್ಲ. ಆ ಮನುಷ್ಯ ನನಗೆ ಗೊತ್ತಿದ್ದ ಅಷ್ಟೂ ವರ್ಷ ದಿನಕ್ಕೊಮ್ಮೆ ಎಲ್ಲಿಗಾದರೂ ಹೋಗುತ್ತಲೇ ಇದ್ದರು: ಸಾವಿನ ಮನೆಗೆ, ಮದುವೆಗೆ, ಹೊಸ ಕ್ಷೌರದಂಗಡಿಯ ರಿಬ್ಬನ್ ಕತ್ತರಿಸುವುದಕ್ಕೆ. ಅವರು ಇನ್ನೆಲ್ಲಿಗೂ ಹೋಗಲಾರದ ಕಡೆಗೆ ಹೋದರು ಎಂದು ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ಎರಡು ವರ್ಷದ ಹಿಂದೆ ಅವರು ಮಸ್ಕತ್ತು ಬಿಟ್ಟು ಊರಿಗೆ, ಪಾಕಿಸ್ತಾನದ ಮಕ್ರಾನ್ ಕರಾವಳಿಗೆ, ಮರಳಿದ್ದರು. ನಾಸಿರ್ ಹೇಳಿದ ಪ್ರಕಾರ ಮಧ್ಯಾಹ್ನ ಉಂಡು, ಕೈತೊಳೆದು, ಜಗಲಿಯಲ್ಲಿ ಕುಳಿತು ಯಾರದೋ ಅಹವಾಲು ಕೇಳುತ್ತಿದ್ದರಂತೆ. ಕೇಳುತ್ತಾ ಕೇಳುತ್ತಾ ತಲೆಯನ್ನು ಒಂದು ಬದಿಗೆ ವಾಲಿಸಿದರಂತೆ. ಒಪ್ಪಿಗೆ ಸಿಕ್ಕಿತು ಎಂದುಕೊಂಡು ಬಂದವನು ಸಲಾಂ ಹೇಳಿ, ಸಂತೋಷದಿಂದ ಮನೆಗೆ ಹೋದನಂತೆ.

ಅವರ ಹೆಸರು ಬರೆಯುವುದಿಲ್ಲ. ಮಸ್ಕತ್ತಿನ ವಾದಿ ಕಬೀರಿನ ನಮ್ಮ ಕಟ್ಟಡದಲ್ಲಿ ಅದನ್ನು ಯಾರೂ ಬಳಸುತ್ತಿರಲಿಲ್ಲ. ನಾಸಿರ್ ಅವರ ಅಕ್ಕನ ಮಗ; ಅವರು ಇದ್ದದ್ದು ಅವನ ಮನೆಯಲ್ಲೇ. ಕಟ್ಟಡದ ಹಿಂದೆಯೇ ಅವನ ಗ್ಯಾರೇಜು. ಜಜ್ಜಿದ ಕಾರುಗಳನ್ನು ನೆಟ್ಟಗೆ ಮಾಡಿ ಬಣ್ಣ ಹೊಡೆಯುವ ಕೆಲಸ. ಅವನಿಗೆ ಅವರು ಮಾಮು, ಉಳಿದ ಹದಿನೆಂಟು ಮನೆಯವರಿಗೆ ಮಂತ್ರಿಗಳು. ಒಂದು ಕಾಲದಲ್ಲಿ ಅವರು ಅಲ್ಲಿಯ ಪ್ರಾಂತದ ವಿಧಾನಸಭೆಯ ಸದಸ್ಯರಾಗಿ, ಹನ್ನೊಂದು ತಿಂಗಳು ಮಂತ್ರಿಯೂ ಆಗಿದ್ದವರು. ಆಮೇಲೆ ಸಭೆಯೇ ವಿಸರ್ಜನೆಯಾಯಿತು. ನಮ್ಮಜ್ಜ ಹೇಳುವುದಿತ್ತು, ಪಟ್ಟೇಲಿಕೆ ಹೋದರೂ ಪಟ್ಟೇಲರ ಕೆಮ್ಮು ಹೋಗುವುದಿಲ್ಲ ಅಂತ. ಇವರದ್ದು ಕೆಮ್ಮಲ್ಲ, ಲಿಫ್ಟು.

ನಾನು ಅವರನ್ನು ಮೊದಲು ಕಂಡದ್ದೇ ಲಿಫ್ಟಿನ ಮುಂದೆ. ಬಿಳಿ ಸಲ್ವಾರ್, ಇಸ್ತ್ರಿ ಹಾಕಿದ ಜುಬ್ಬ, ಮೇಲೊಂದು ಕಪ್ಪು ವೇಸ್ಟ್‌ಕೋಟು. ಮಸ್ಕತ್ತಿನ ಜೂನ್ ತಿಂಗಳಲ್ಲಿ ವೇಸ್ಟ್‌ಕೋಟು ಹಾಕುವವನು ಒಂದೋ ವರ, ಇಲ್ಲವೇ ಮಂತ್ರಿ. ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಂತಿದ್ದರು. ನಾನು ತರಕಾರಿ ಚೀಲ ಹಿಡಿದು ಪಕ್ಕದಲ್ಲಿ ನಿಂತೆ. ಎರಡು ನಿಮಿಷವಾದರೂ ಲಿಫ್ಟ್ ಬರಲಿಲ್ಲ.

“ಲಿಫ್ಟ್ ಹಾಳಾಗಿದೆಯಾ ಸಾಹೇಬರೆ?” ಎಂದೆ ನನ್ನ ಕರಾವಳಿಯ ಹಿಂದಿಯಲ್ಲಿ.

“ಇಲ್ಲ,” ಎಂದರು ಗಂಭೀರವಾಗಿ, “ಯಾರೂ ಗುಂಡಿ ಒತ್ತಿಲ್ಲ.”

ಹನ್ನೊಂದು ತಿಂಗಳು ಬೇರೆಯವರು ಒತ್ತಿದ್ದರು. ಅಷ್ಟು ಸಾಕಾಯಿತು, ಜೀವಮಾನಕ್ಕೆ.

ಅವರ ಖಾತೆ ಅರಣ್ಯ. “ನನ್ನ ಕ್ಷೇತ್ರದಲ್ಲಿ ಒಟ್ಟು ಮೂರು ಮರ, ಶೆಟ್ಟಿ ಸಾಹೇಬ್,” ಎನ್ನುತ್ತಿದ್ದರು, “ಅದರಲ್ಲಿ ಒಂದು ಪಕ್ಕದ ಕ್ಷೇತ್ರದವರದ್ದು ಅಂತ ತಕರಾರಿತ್ತು.” ನಾಲ್ಕನೆಯದನ್ನು ಅವರೇ ನೆಟ್ಟರು. ಬ್ಯಾಂಡು, ಭಾಷಣ, ಫೋಟೋ. ಫೋಟೋದವನು ಫಿಲ್ಮ್ ಬದಲಿಸುವಷ್ಟರಲ್ಲಿ ಆಡೊಂದು ಬಂದು ಸಸಿಯನ್ನು ತಿಂದಿತು. ಮಂತ್ರಿಗಳು ಅಲ್ಲೇ ತನಿಖೆಗೆ ಆದೇಶಿಸಿದರು. ಆಡು ಅವರ ಚಿಕ್ಕಪ್ಪನದ್ದೇ ಎಂದು ಗೊತ್ತಾಗುವ ಹೊತ್ತಿಗೆ ಸರಕಾರ ಬಿದ್ದಿತ್ತು. “ಆ ಆಡು ಒಂದು ವಾರ ತಡವಾಗಿ ಸಿಕ್ಕಿಬಿದ್ದದ್ದು ನನ್ನ ಪುಣ್ಯ. ಇಲ್ಲದಿದ್ದರೆ ಚಿಕ್ಕಪ್ಪನನ್ನು ಜೈಲಿಗೆ ಹಾಕಬೇಕಿತ್ತು, ಇಲ್ಲವೇ ನಾನು ರಾಜೀನಾಮೆ ಕೊಡಬೇಕಿತ್ತು,” ಎಂದು ನಿಟ್ಟುಸಿರು ಬಿಡುತ್ತಿದ್ದರು. ಎರಡರಲ್ಲಿ ಯಾವುದನ್ನು ಮಾಡುತ್ತಿದ್ದಿರಿ ಎಂದು ಕೇಳಿದರೆ, “ಆಡನ್ನು ಕೊಯ್ದು ಊಟ ಹಾಕಿಸುತ್ತಿದ್ದೆ,” ಎನ್ನುತ್ತಿದ್ದರು.

ಮಂತ್ರಿಗಿರಿಯಿಂದ ಅವರು ಉಳಿಸಿಕೊಂಡದ್ದು ಹಳೆಯ ಲೆಟರ್‌ಹೆಡ್ಡಿನ ಒಂದು ಕಟ್ಟು. ಯಾರು ಏನು ಕಷ್ಟ ಹೇಳಿದರೂ ಅದರ ಮೇಲೆ ಸಿಫಾರಸು ಪತ್ರ ಬರೆದುಕೊಡುವರು. “ಇದನ್ನು ತಂದವರು ನನಗೆ ಪರಿಚಿತರು, ಒಳ್ಳೆಯ ಮನೆತನದವರು, ದಯವಿಟ್ಟು ಅನುಕೂಲ ಮಾಡಿಕೊಡಿ.” ನನ್ನ ಮೊಣಕಾಲು ನೋವಿಗೆ ವೈದ್ಯರಿಗೊಂದು ಪತ್ರ, ಮೂರನೇ ಮಹಡಿಯ ಮಲಯಾಳಿ ವರ್ಗೀಸರ ಹಾಳಾದ ಏಸಿಗೆ ಮೆಕ್ಯಾನಿಕ್‌ಗೊಂದು ಪತ್ರ. ನನ್ನ ಹೆಂಡತಿ ವಿಮಲ ತಮಾಷೆಗೆ ಮೀನು ಮಾರುಕಟ್ಟೆಗೂ ಒಂದು ಬರೆಸಿಕೊಂಡಳು. ಅಲ್ಲಿಯ ಬಲೂಚಿ ಮುದುಕ ಪತ್ರ ಓದಿ, ಕಣ್ಣಿಗೊತ್ತಿಕೊಂಡು, ಐಸಿನ ಅಡಿಯಿಂದ ಆ ದಿನದ ಅಂಜಲ್ ಮೀನು ತೆಗೆದುಕೊಟ್ಟ. ಅವನ ಅಪ್ಪ ಮಂತ್ರಿಗಳ ಊರಿನವನಂತೆ. ಅಂದಿನಿಂದ ವಿಮಲಳಿಗೆ ಮಂತ್ರಿಗಳ ಮೇಲೆ ವಿಪರೀತ ಗೌರವ. “ನಿಮ್ಮ ಕಂಪನಿಯ ಲೆಟರ್‌ಹೆಡ್ಡಿಗೆ ಒಂದು ಬೂತಾಯಿಯೂ ಸಿಕ್ಕಲಿಕ್ಕಿಲ್ಲ,” ಎಂದು ನನಗೆ ಆಗಾಗ ಹೇಳುತ್ತಿದ್ದಳು.

ಆದರೆ ಅವರ ನಿಜವಾದ ವಿದ್ಯೆ ಸಾವಿನ ಮನೆಯದ್ದು. ಅವರ ಕಡೆ ರಾಜಕಾರಣಿ ರಸ್ತೆ ಮಾಡಿಸದಿದ್ದರೆ ನಡೆಯುತ್ತದೆ, ಸಾವಿನ ಮನೆಗೆ ಬಂದು ಕೈಯೆತ್ತಿ ಫಾತಿಹಾ ಪ್ರಾರ್ಥನೆ ಓದದಿದ್ದರೆ ನಡೆಯುವುದಿಲ್ಲ. ಮಸ್ಕತ್ತಿನಲ್ಲಿ ಮತದಾರರಿಲ್ಲದಿದ್ದರೂ ಅಭ್ಯಾಸ ಬಿಡಲಿಲ್ಲ. ಎಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಸಾಲು ಕಂಡರೂ ಹೋಗಿ ಕುಳಿತುಬಿಡುವರು.

ಒಂದು ಸಂಜೆ ಕುರ್ಚಿಗಳು ನಮ್ಮದೇ ಕಟ್ಟಡದ ತಾರಸಿಯ ಮೇಲಿದ್ದವು. ಎರಡನೇ ಮಹಡಿಯ ಫೆಲ್ಸಿಬಾಯಿಯ ತಂಗಿಯ ಮಗಳಿಗೆ ರೋಸ್. ಮದುವೆಗೆ ಮುಂಚೆ ಮಂಗಳೂರಿನ ಕ್ರೈಸ್ತರು ಹುಡುಗಿಗೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ ಅದು. ಶುರುವಿನಲ್ಲಿ ಎಲ್ಲರೂ ತಲೆತಗ್ಗಿಸಿ ಪ್ರಾರ್ಥನೆ ಮಾಡುತ್ತಿದ್ದರು. ಮಂತ್ರಿಗಳು ಮೆಲ್ಲಗೆ ಬಂದು, ಕೈಗಳೆರಡನ್ನೂ ಎತ್ತಿ ತಾವೂ ಪ್ರಾರ್ಥಿಸಿದರು. ಆಮೇಲೆ ಹುಡುಗಿಯ ಅಪ್ಪನ ಬಳಿ ಹೋಗಿ ಭುಜ ಹಿಡಿದು, “ಧೈರ್ಯ ತಂದುಕೊಳ್ಳಿ. ನಮ್ಮವರು ಅಂತ ನಾವು ಹೇಳಬೇಕು ಅಷ್ಟೇ, ಅವರು ನಮ್ಮ ಬಳಿ ಇರಲು ಬಂದವರಲ್ಲ. ಒಂದು ದಿನ ಕಳಿಸಿಕೊಡಲೇಬೇಕು,” ಎಂದರು. ಆ ಬಡಪಾಯಿ ಬೆಳಗಿನಿಂದ ಅಳು ತಡೆದುಕೊಂಡಿದ್ದವನು ಅವರ ವೇಸ್ಟ್‌ಕೋಟಿಗೆ ಮುಖವೊತ್ತಿ ಅತ್ತುಬಿಟ್ಟ. ಇಷ್ಟು ಚೆನ್ನಾಗಿ ಸಮಾಧಾನ ಹೇಳಿದವರು ತಮ್ಮ ಪಾದ್ರಿಗಳಲ್ಲೂ ಇಲ್ಲ ಎಂದು ಫೆಲ್ಸಿಬಾಯಿಯೇ ಆಮೇಲೆ ಹೇಳಿದ್ದರು.

ಮಂತ್ರಿಗಳು ಎರಡು ತಟ್ಟೆ ಊಟ ಮುಗಿಸಿ ನನ್ನ ಕಿವಿಯಲ್ಲಿ ಕೇಳಿದರು, “ಹೋದವರು ಯಾರು?”

“ಯಾರೂ ಹೋಗಲಿಲ್ಲ ಸಾಹೇಬರೆ. ಅಗೋ ಆ ಹುಡುಗಿಗೆ ಮದುವೆ.”

ಹಾಲು ಸುರಿಸಿಕೊಂಡು ಕಿಲಕಿಲ ನಗುತ್ತಿದ್ದ ಹುಡುಗಿಯನ್ನು ಅವರು ದಿಟ್ಟಿಸಿ ನೋಡಿದರು. “ಪರವಾಗಿಲ್ಲ,” ಎಂದರು, “ಮಾತು ಎರಡಕ್ಕೂ ಆಗುತ್ತದೆ.”

ಇಂಥ ಮನುಷ್ಯನ ಕೈಗೆ ಒಂದು ಚುನಾವಣೆ ಸಿಕ್ಕಿದರೆ ಏನಾದೀತು? ಸಿಕ್ಕಿತು.

ಕಟ್ಟಡದ ಒಡೆಯರು ಒಮಾನಿ ಹಿರಿಯರು, ಬಹಳ ಸಾಧು ಮನುಷ್ಯ. ನೀರು ಬರಲಿಲ್ಲ, ದೀಪ ಉರಿಯಲಿಲ್ಲ ಎಂದು ಹತ್ತೊಂಬತ್ತು ಮನೆಯವರೂ ಹತ್ತೊಂಬತ್ತು ಸಲ ಫೋನ್ ಮಾಡಿ ಅವರಿಗೆ ಸಾಕಾಗಿತ್ತು. ಒಂದು ದಿನ ಬಂದು ಮೆಟ್ಟಿಲ ಬಳಿ ನಿಂತು ಹೇಳಿದರು: “ವಾಹದ್ ನಫರ್. ಒಬ್ಬರನ್ನು ಆರಿಸಿಕೊಳ್ಳಿ. ಆ ಒಬ್ಬರೇ ಫೋನ್ ಮಾಡಲಿ. ಬಾಕಿ ಯಾರದ್ದೂ ನಾನು ಎತ್ತುವುದಿಲ್ಲ. ಖಲಾಸ್.”

‘ಆರಿಸಿಕೊಳ್ಳಿ’ ಎಂಬುದು ಕಿವಿಗೆ ಬಿದ್ದದ್ದೇ ತಡ, ಮಂತ್ರಿಗಳ ಬೆನ್ನು ನೆಟ್ಟಗಾಯಿತು.

ಎಲ್ಲರ ಬಾಯಲ್ಲಿ ಬಂದ ಹೆಸರು ಫೆಲ್ಸಿಬಾಯಿಯದ್ದು. ಕ್ಲಿನಿಕ್ಕಿನಲ್ಲಿ ಮೂವತ್ತು ವರ್ಷದಿಂದ ನರ್ಸ್; ಕಟ್ಟಡದಲ್ಲಿ ಅವರ ಕೈಯ ಇಂಜೆಕ್ಷನ್ ಚುಚ್ಚಿಸಿಕೊಳ್ಳದವರಿಲ್ಲ. ಮಂತ್ರಿಗಳು ತಾವೂ ನಿಲ್ಲುವುದಾಗಿ ಸಾರಿದರು. ಮರುದಿನವೇ ಚಿಹ್ನೆಗಳನ್ನು ಹಂಚಿದರು: ಫೆಲ್ಸಿಬಾಯಿಗೆ ಸಿರಿಂಜು, ತಮಗೆ ಹಾಲಿಲ್ಲದ ಸುಲೈಮಾನಿ ಚಹಾದ ಲೋಟ. ನಾಸಿರ್ ಕಾರಿಗೆ ಹೊಡೆಯುವ ಬಣ್ಣದಲ್ಲಿ ಎರಡನ್ನೂ ರಟ್ಟಿನ ಮೇಲೆ ಬರೆದುಕೊಟ್ಟ. ಮಂತ್ರಿಗಳು ಮನೆಮನೆಗೂ ಹೋದರು. ನಮ್ಮ ಮನೆಯಲ್ಲಿ ಕುಳಿತು ಲೆಕ್ಕ ಹಾಕಿದರು: “ಮಲಯಾಳಿಗಳು ಐದು ಮನೆ, ಒಗ್ಗಟ್ಟಾಗಿ ಹಾಕುತ್ತಾರೆ. ನಿಮ್ಮ ಉಡುಪಿಯವರು ನಾಲ್ಕು ಮನೆ, ನಾಲ್ಕೂ ನಾಲ್ಕು ಕಡೆ. ನಿಮ್ಮವರ ನಾಯಕ ಯಾರು?”

“ನಮ್ಮಲ್ಲಿ ಎಲ್ಲರೂ ನಾಯಕರೇ,” ಎಂದೆ.

“ಅದೇ ತೊಂದರೆ,” ಎಂದರು.

ಇದನ್ನೆಲ್ಲ ನೋಡಿ ಕಟ್ಟಡದವರ ಕರುಳು ಚುರುಕ್ ಎಂದಿತು. ಬಟ್ಟೆ ಒಣಹಾಕುವ ತಾರಸಿಯಲ್ಲಿ ಹೆಂಗಸರ ಸಭೆ ಸೇರಿತು.

“ಪಾಪ, ಪ್ರಾಯದವರು. ಎಷ್ಟು ಆಸೆ ಉಂಟು ನೋಡಿ,” ಎಂದರು ಫೆಲ್ಸಿಬಾಯಿ. “ನನಗೆ ಡ್ಯೂಟಿಯೇ ಸಾಕಾಗ್ತದೆ ಮಾರಾಯ್ರೆ. ಅವರೇ ಆಗ್ಲಿ. ನಾನು ಹಿಂದೆ ಸರಿಯುತ್ತೇನೆ.”

ಎಲ್ಲರಿಗೂ ಸಂತೋಷವಾಯಿತು. ನಾವು ಉಡುಪಿ ಮಂಗಳೂರಿನವರು ಒಂದು ಕೆಲಸವನ್ನು ಚೆನ್ನಾಗಿ ಮಾಡುತ್ತೇವೆ: ಯಾರ ಮನಸ್ಸೂ ನೋಯದ ಹಾಗೆ ಹಿಂದಿನಿಂದಲೇ ಒಂದು ಏರ್ಪಾಡು ಮಾಡಿಬಿಡುವುದು. ಯುವಕ ಮಂಡಲದಿಂದ ದೇವಸ್ಥಾನದ ಕಮಿಟಿಯವರೆಗೆ ನಮ್ಮಲ್ಲಿ ಚುನಾವಣೆ ಅಂತ ಆಗುವುದೇ ಇಲ್ಲ. ‘ಅವಿರೋಧ ಆಯ್ಕೆ’ ಎಂದು ಪತ್ರಿಕೆಯಲ್ಲಿ ಫೋಟೋ ಬರುತ್ತದೆ. ಅದಕ್ಕಿಂತ ದೊಡ್ಡ ಮರ್ಯಾದೆ ನಮಗೆ ಗೊತ್ತಿಲ್ಲ. ರೂವಿಯ ಪೇಟೆಯಿಂದ ಮಲ್ಲಿಗೆ ಹಾರ ತಂದೆವು, ಲಾಡು ತಂದೆವು, ಎಲ್ಲರೂ ಒಟ್ಟಾಗಿ ಹೋಗಿ ಮಂತ್ರಿಗಳ ಬಾಗಿಲು ತಟ್ಟಿದೆವು.

“ಸಾಹೇಬರೆ, ಅಭಿನಂದನೆ,” ಎಂದೆ, “ಫೆಲ್ಸಿಬಾಯಿ ಹಿಂದೆ ಸರಿದಿದ್ದಾರೆ. ನೀವು ಅವಿರೋಧವಾಗಿ ಗೆದ್ದಿರಿ.”

ಅವರ ಮುಖ ಒಮ್ಮೆಲೇ ಇಳಿದುಹೋಯಿತು. ಹಾರವನ್ನು ಕೈಯಲ್ಲಿ ಇಸಿದುಕೊಂಡರು, ಕೊರಳಿಗೆ ಹಾಕಿಸಿಕೊಳ್ಳಲಿಲ್ಲ. “ಮೆಹರ್ಬಾನಿ,” ಎಂದು ಬಾಗಿಲು ಹಾಕಿಕೊಂಡರು. ನಾವು ಲಾಡು ಹಿಡಿದು ಅಲ್ಲೇ ನಿಂತೆವು.

ಎರಡು ದಿನ ಅವರು ಹೊರಗೆ ಕಾಣಲಿಲ್ಲ. ಮೂರನೆಯ ದಿನ ನಾಸಿರ್ ಬಂದು, “ಮಾಮು ಚಹಾ ಕೂಡ ಕುಡಿಯುತ್ತಿಲ್ಲ. ಏನು ಮಾಡಿದಿರಿ ನೀವೆಲ್ಲ?” ಎಂದ. ನಾನು ಹೋದೆ. ಮಂಚದ ಮೇಲೆ ಗೋಡೆ ಕಡೆ ತಿರುಗಿ ಮಲಗಿದ್ದರು. ವೇಸ್ಟ್‌ಕೋಟಿಲ್ಲದೆ ಅವರನ್ನು ನೋಡಿದ್ದು ಅದೇ ಮೊದಲು. ಯಾರೋ ಬೇರೆ ಸಣ್ಣ ಮನುಷ್ಯ ಮಲಗಿದ ಹಾಗಿತ್ತು.

“ಶೆಟ್ಟಿ ಸಾಹೇಬ್,” ಎಂದರು ಗೋಡೆಗೇ, “ನಾನು ಊರಲ್ಲಿ ಮೂರು ಸಲ ನಿಂತೆ. ಎರಡು ಸಲ ಸೋತೆ. ಮೂರನೇ ಸಲ ಗೆದ್ದೆ. ಹೇಗೆ ಗೆದ್ದೆ ಗೊತ್ತಾ?”

“ಹೇಗೆ?”

“ಎದುರಾಳಿಯ ಅರ್ಜಿ ತಿರಸ್ಕಾರವಾಯಿತು. ಸಹಿ ಹಾಕಲು ಮರೆತಿದ್ದ, ಕತ್ತೆ. ನಾನು ಅವಿರೋಧ. ಒಂದು ಓಟು ಬೀಳದೆ ಮಂತ್ರಿಯಾದೆ. ಅವನು ದಿನಾ ಬಜಾರಿನಲ್ಲಿ ಚಹಾದಂಗಡಿಯಲ್ಲಿ ಕುಳಿತು ಕೇಳುತ್ತಿದ್ದ: ಇವನಿಗೆ ಓಟು ಹಾಕಿದವನು ಒಬ್ಬನಿದ್ದರೆ ತೋರಿಸಿ, ಈ ಚಹಾ ನನ್ನ ಲೆಕ್ಕ. ಯಾರನ್ನು ತೋರಿಸಲಿ? ನನ್ನ ತಾಯಿಯನ್ನೂ ತೋರಿಸುವ ಹಾಗಿಲ್ಲ. ಸಾವಿನ ಮನೆಗಳಿಗೆ ಹೋಗಿ ಕೂರುತ್ತಿದ್ದೆ, ಒಬ್ಬೊಬ್ಬರ ಮುಖ ನೋಡುತ್ತಿದ್ದೆ. ಚುನಾವಣೆ ಆಗಿದ್ದರೆ ಇವನು ನನಗೆ ಹಾಕುತ್ತಿದ್ದನೋ, ಅವನಿಗೋ? ಇವತ್ತಿಗೂ ಗೊತ್ತಿಲ್ಲ.” ಅವರು ಈ ಕಡೆ ತಿರುಗಿದರು. “ಎಪ್ಪತ್ತಾಯಿತು ನನಗೆ. ಇನ್ನು ಯಾರೂ ಟಿಕೆಟ್ ಕೊಡುವುದಿಲ್ಲ. ಒಂದೇ ಒಂದು ಸಲ, ಎಣಿಸಿ ಗೆಲ್ಲಬೇಕು ಅಂತ ಇತ್ತು. ನೀವು ಹಾರ ತಂದಿರಿ.”

ನಾನು ಮಂಚದ ಅಂಚಿನಲ್ಲಿ ಕುಳಿತೆ.

“ನನಗೊಬ್ಬ ಎದುರಾಳಿ ಕೊಡಿ,” ಎಂದರು.

ಫೆಲ್ಸಿಬಾಯಿ ಒಪ್ಪಲಿಲ್ಲ. “ಒಮ್ಮೆ ಬಿಟ್ಟೆ ಅಂತ ಹೇಳಿ ಪುನಃ ನಿಂತ್ರೆ ಜನ ಎಂತ ಹೇಳ್ತಾರೆ? ನೀವೇ ನಿಲ್ಲಿ ಶೆಟ್ರೆ.” ಹೀಗೆ ನಾನು ಅಭ್ಯರ್ಥಿಯಾದೆ.

ಮಂತ್ರಿಗಳು ಎದ್ದು ಸ್ನಾನ ಮಾಡಿ, ವೇಸ್ಟ್‌ಕೋಟು ಹಾಕಿ ನಮ್ಮ ಮನೆಗೆ ಬಂದರು. “ಒಂದು ಮಾತು,” ಎಂದರು. “ಸೋಲಲು ನಿಂತಿದ್ದೀರಾದರೆ ಈಗಲೇ ಹೇಳಿ. ಅದು ಅವಿರೋಧಕ್ಕಿಂತ ದೊಡ್ಡ ಅವಮಾನ. ನಿಮ್ಮ ತಾಯಿಯ ಮೇಲೆ ಆಣೆ ಮಾಡಿ, ಗೆಲ್ಲಲು ಹೋರಾಡುತ್ತೇನೆ ಅಂತ.”

ಅಮ್ಮ ಉಡುಪಿಯಲ್ಲಿ ಗಟ್ಟಿಮುಟ್ಟಾಗಿದ್ದಳು, ಹಾಗೆಯೇ ಇರಬೇಕೆಂಬ ಆಸೆಯೂ ನನಗಿತ್ತು. ಆಣೆ ಮಾಡಿದೆ.

ಒಳಗಿನಿಂದ ವಿಮಲ, “ನೀವಾ? ನಿಲ್ಲುದಾ?” ಎಂದಳು. ಅಷ್ಟೇ ಅಂದದ್ದು.

ನನಗೆ ಚಿಹ್ನೆ ತೆಂಗಿನಕಾಯಿ. ಪ್ರಚಾರ ಹೇಗೆ ಮಾಡುವುದೆಂದು ಗೊತ್ತಿರಲಿಲ್ಲ. ನನ್ನ ಮೊದಲ ಮನೆಯ ಭೇಟಿಯನ್ನು ಮಂತ್ರಿಗಳು ಮೆಟ್ಟಿಲಲ್ಲಿ ನಿಂತು ಕೇಳಿಸಿಕೊಂಡು, ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದರು. “ಇದೇನು, ಓಟು ಕೇಳುತ್ತೀರೋ ಕ್ಷಮೆ ಕೇಳುತ್ತೀರೋ? ಮೊದಲು ಅವರ ಮಕ್ಕಳ ಹೆಸರು ಕೇಳಿ. ಆಮೇಲೆ ನನ್ನನ್ನು ಬೈಯಿರಿ.”

“ನಿಮ್ಮನ್ನು ಏನೂಂತ ಬೈಯುವುದು?”

“ಎಷ್ಟೊಂದಿದೆ. ಮುದುಕ. ಸುಳ್ಳು ಭರವಸೆ ಕೊಡುತ್ತಾನೆ. ಮೂರು ಮರ ಕಾಯಲಾಗಲಿಲ್ಲ, ಕಟ್ಟಡ ಹೇಗೆ ಕಾಯುತ್ತಾನೆ? ಬರೆದುಕೊಳ್ಳಿ, ಬರೆದುಕೊಳ್ಳಿ.”

ನನ್ನ ಪ್ರಣಾಳಿಕೆ ಸಪ್ಪೆಯಾಗಿದೆಯೆಂದು ಅದನ್ನೂ ಅವರೇ ತಿದ್ದಿ ಬರೆದರು. ವಾರಕ್ಕೊಮ್ಮೆ ನೀರಿನ ಟಾಂಕಿ ತೊಳೆಸುವುದು, ಪಾರ್ಕಿಂಗಿಗೆ ಗೆರೆ ಹಾಕಿಸುವುದು. ಅದು ಎಷ್ಟು ಚೆನ್ನಾಗಿತ್ತೆಂದರೆ ವರ್ಗೀಸರು ನನ್ನ ಕೈ ಕುಲುಕಿ, “ನಮ್ಮ ಐದೂ ಮನೆ ನಿಮಗೇ, ಶೆಟ್ಟಿಯವರೆ,” ಎಂದರು. ನಾನು ಗೆದ್ದುಬಿಟ್ಟರೆ ಆ ಮನುಷ್ಯ ಪುನಃ ಗೋಡೆ ಕಡೆ ತಿರುಗಿ ಮಲಗುತ್ತಾರೆ. ಸೋಲಲು ನೋಡಿದರೆ ಅಮ್ಮನ ಆಣೆ.

ಶುಕ್ರವಾರ, ಜುಮ್ಮಾ ನಮಾಜು ಮುಗಿದ ಮೇಲೆ ಮತದಾನ. ನೆಲಮಹಡಿಯ ಕರೆಂಟ್ ಮೀಟರಿನ ಕೋಣೆಯೇ ಮತಗಟ್ಟೆ, ಬಿಸ್ಕತ್ತಿನ ದೊಡ್ಡ ಡಬ್ಬ ಪೆಟ್ಟಿಗೆ, ಫೆಲ್ಸಿಬಾಯಿ ಅಧಿಕಾರಿ. ಬೆರಳಿಗೆ ಹಚ್ಚಲು ಕ್ಲಿನಿಕ್ಕಿನಿಂದ ಗಾಯಕ್ಕೆ ಹಚ್ಚುವ ನೇರಳೆ ಔಷಧಿ ತಂದಿದ್ದರು. ಮನೆಗೊಂದು ಓಟು. ಅಭ್ಯರ್ಥಿಗಳು ಪೆಟ್ಟಿಗೆಯ ಹತ್ತಿರ ಸುಳಿಯಬಾರದು ಎಂಬುದು ಮಂತ್ರಿಗಳ ಕಾನೂನು. ಹಾಗಾಗಿ ಅವರ ಮನೆಯ ಓಟು ನಾಸಿರ್ ಹಾಕಿದ, ನಮ್ಮದನ್ನು ವಿಮಲ.

“ತೆಂಗಿನಕಾಯಿಗೆ ಹಾಕು,” ಎಂದು ನಾನು ಅವಳಿಗೆ ಮೂರು ಸಲ ಹೇಳಿದ್ದೆ, ಆಣೆ ಇತ್ತಲ್ಲ.

“ನನಗೆ ಕಣ್ಣುಂಟು,” ಎಂದಿದ್ದಳು.

ಎಣಿಕೆ ಎಲ್ಲರ ಎದುರಿಗೆ. ಫೆಲ್ಸಿಬಾಯಿ ಒಂದೊಂದೇ ಚೀಟಿ ಬಿಡಿಸಿ, ರೋಗಿಗಳ ಹೆಸರು ಕರೆಯುವ ದನಿಯಲ್ಲಿ, “ಕಾಯಿ… ಕಾಯಿ… ಲೋಟ…” ಎಂದು ಓದಿದರು. ಮಂತ್ರಿಗಳು ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದರು. ಒಂಬತ್ತು ಕಾಯಿ, ಒಂಬತ್ತು ಲೋಟ ಆದಾಗ ಒಂದು ಚೀಟಿ ಉಳಿದಿತ್ತು. ಫೆಲ್ಸಿಬಾಯಿ ಕನ್ನಡಕ ಒರೆಸಿಕೊಂಡರು.

“ಬೇಗ ಓದಿ ಬಾಯಿ, ಮುದುಕನಿಗೆ ಏನಾದರೂ ಆದೀತು,” ಎಂದರು ವರ್ಗೀಸರು.

“ಲೋಟ,” ಎಂದರು ಫೆಲ್ಸಿಬಾಯಿ.

ಜನ ಚಪ್ಪಾಳೆ ತಟ್ಟಿದರು. ಮಂತ್ರಿಗಳು ಅಲ್ಲಾಡಲಿಲ್ಲ. “ಮರುಎಣಿಕೆ,” ಎಂದರು. ಗೆದ್ದವನೇ ಮರುಎಣಿಕೆ ಕೇಳಿದ್ದನ್ನು ನಾನು ಅಲ್ಲೇ ಕಂಡದ್ದು. ಮೂರು ಸಲ ಎಣಿಸಿದೆವು. ಮೂರು ಸಲವೂ ಹತ್ತು ಲೋಟ, ಒಂಬತ್ತು ಕಾಯಿ. ಅವರು ನನ್ನ ಕೈ ಕುಲುಕಿದರು, ಆದರೆ ಕಣ್ಣು ನನ್ನ ಮುಖದಲ್ಲಿ ಏನನ್ನೋ ಹುಡುಕುತ್ತಿತ್ತು.

ಸಂಜೆ ಐದಕ್ಕೆ ಬಾಗಿಲು ತಟ್ಟಿದರು. ಒಳಗೆ ಬಂದು ಕೂರಲಿಲ್ಲ.

“ಒಂದೇ ಓಟಿನ ಅಂತರ, ಶೆಟ್ಟಿ ಸಾಹೇಬ್. ನಿಮ್ಮ ಮನೆಯ ಓಟು ಯಾರಿಗೆ?”

“ನನಗೇ. ತೆಂಗಿನಕಾಯಿಗೆ ಹಾಕು ಅಂತ ಇವಳಿಗೆ ಹೇಳಿಯೇ ಕಳಿಸಿದ್ದೆ. ಅಮ್ಮನಾಣೆ.”

ಚಹಾ ತರುತ್ತಿದ್ದ ವಿಮಲ ತಟ್ಟೆಯನ್ನು ಮೇಜಿನ ಮೇಲಿಟ್ಟಳು. “ಇವರು ಹೇಳಿದ್ದು ಹೌದು,” ಎಂದಳು. “ನಾನು ಲೋಟಕ್ಕೆ ಹಾಕಿದೆ.”

ಮಂತ್ರಿಗಳ ಮುಖ ಬಿಳಿಚಿಕೊಂಡಿತು. ಅವರು ಹೆದರಿದ್ದ ಮಾತು ಅದೇ ಎಂದು ನನಗೆ ಗೊತ್ತಾಯಿತು. “ಭಾಬಿ,” ಎಂದರು ಮೆಲ್ಲಗೆ, “ಮುದುಕ ಪಾಪ ಅಂತ ಹಾಕಿದಿರಾ?”

“ಪಾಪ ಎಂತದ್ದು?” ವಿಮಲಳಿಗೆ ಸಿಟ್ಟೇ ಬಂತು. “ನಾನು ಯೋಚನೆ ಮಾಡಿ ಹಾಕಿದ್ದು. ಗ್ಯಾಸಿನ ಗಾಡಿಯವನಿಗೆ ಒಂದು ಫೋನ್ ಮಾಡ್ಲಿಕ್ಕೆ ಇವರಿಗೆ ಮೂರು ದಿವಸ ಬೇಕು. ಇನ್ನು ಇವರು ಹತ್ತೊಂಬತ್ತು ಮನೆ ನೋಡ್ತಾರಾ? ನೀವಾದರೆ ಒಬ್ಬರನ್ನು ಹಿಡಿದರೆ ಬಿಡುವುದಿಲ್ಲ. ಕೆಲಸ ಆಗಬೇಕಾದರೆ ನಿಮ್ಮಂಥವರೇ ಆಗಬೇಕು.”

ನನ್ನ ಎದುರೇ ಹೇಳಿದಳು. ಮಂತ್ರಿಗಳು ನನ್ನನ್ನು ನೋಡಿದರು, ಅವಳನ್ನು ನೋಡಿದರು. ಎದುರಾಳಿಯ ಅಡಿಗೆಮನೆಯಿಂದ ಒಂದು ಓಟು. ಮೂರು ಚುನಾವಣೆ ಮಾಡಿದ ಆ ಮನುಷ್ಯ ಎದೆಯ ಮೇಲೆ ಕೈಯಿಟ್ಟು ತಲೆಬಾಗಿದರು, ಅಷ್ಟೇ.

“ಅದೆಲ್ಲ ಇರಲಿ,” ಎಂದಳು ವಿಮಲ. “ನಮ್ಮ ಸಿಂಕಿನ ಅಡಿಯಲ್ಲಿ ನೀರು ಸೋರುತ್ತಾ ಉಂಟು. ಒಂದು ತಿಂಗಳಾಯ್ತು. ಯಾವಾಗ ಸರಿ ಮಾಡಿಸುತ್ತೀರಿ?”

ಗದರಿಸುವ ದನಿಯಲ್ಲೇ ಕೇಳಿದಳು. ಮಂತ್ರಿಗಳ ಮುಖ ಹೇಗೆ ಅರಳಿತೆಂದರೆ, ರೋಸ್‌ನ ಹುಡುಗಿಯೂ ಅಷ್ಟು ಬೆಳಗಿರಲಿಲ್ಲ. ಚಪ್ಪಲಿ ಬಿಟ್ಟು ಸೀದಾ ಅಡಿಗೆಮನೆಗೆ ನಡೆದರು. ವೇಸ್ಟ್‌ಕೋಟಿನ ಗುಂಡಿ ಬಿಚ್ಚಿ, ಸಿಂಕಿನ ಮುಂದೆ ಮೊಣಕಾಲೂರಿ, ತೊಟ್ಟಿಕ್ಕುವ ನೀರಿಗೆ ಅಂಗೈಯೊಡ್ಡಿ ನೋಡಿದರು. ಆಮೇಲೆ ಅಲ್ಲಿಂದಲೇ ತಲೆಯೆತ್ತಿ, “ಇನ್ನೇನೇನು ದೂರು ಇದೆ? ಎಲ್ಲ ಹೇಳಿ ಭಾಬಿ, ಏನೂ ಬಿಡಬೇಡಿ,” ಎಂದರು.

ವಿಮಲ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಶುರು ಮಾಡಿದಳು.